ಓದುಗರ ಪ್ರಶ್ನೆ: ಚಿಕ್ಕ ಮಕ್ಕಳಿಗೆ ಸಂಶೋಧನೆ ಕಲಿಸುವುದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ‘ಮಲೆನಾಡಿನ ಮಳೆ’ ಎಂಬ ವಿಷಯ ಕೊಟ್ಟು ಮಾಹಿತಿ ಸಂಗ್ರಹಿಸಿ ತರಲು ಹೇಳಿದರೆ, ನಾಲ್ಕನೆಯ ತರಗತಿಯ ಬಹುಪಾಲು ಮಕ್ಕಳು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಮುದ್ರಿಸಿದ ಒಂದೇ ಪುಟವನ್ನು ಅಂಟಿಸಿ ತಂದರು. ಇಷ್ಟು ಚಿಕ್ಕವರಿಗೆ ಸಂಶೋಧನೆಯ ಕ್ರಮವನ್ನು ಕಲಿಸಲು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ನೀವು ಕೊಟ್ಟ ವಿಷಯ ಒಂಬತ್ತು ವರ್ಷದ ಮಗುವಿನ ಕೈಗೆ ಸಿಗುವಂಥದ್ದಲ್ಲ, ಆದ್ದರಿಂದ ಅದು ಅಂಗಡಿಗೆ ಹೋಯಿತು. (ನಾನೂ ಶಿಕ್ಷಕನಾಗಿದ್ದಾಗ ‘ನಮ್ಮ ಜಿಲ್ಲೆ’ ಎಂಬ ವಿಷಯ ಕೊಟ್ಟು, ಕತ್ತರಿ ಗೋಂದಿನ ಚಾರ್ಟುಗಳ ರಾಶಿಯನ್ನೇ ಪಡೆದವನು.) ವಿಷಯವನ್ನು ಮಗು ತಾನೇ ಅಳೆದು ಉತ್ತರಿಸಬಲ್ಲ ಪ್ರಶ್ನೆಯಾಗುವವರೆಗೆ ಕಿರಿದು ಮಾಡಿ.

ನಿಮ್ಮ ಮಕ್ಕಳ ಮನೆಗಳಲ್ಲಿ ಅಜ್ಜಂದಿರು ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎನ್ನುವುದನ್ನು ನೀವೂ ಕೇಳಿರುತ್ತೀರಿ. ಈ ವರ್ಷ ನಮ್ಮ ಊರಿನಲ್ಲಿ ಆರಿದ್ರಾ ಮಳೆ ಹೆಚ್ಚೋ, ಪುನರ್ವಸು ಮಳೆ ಹೆಚ್ಚೋ ಎಂದು ಕೇಳಿ ನೋಡಿ. ಅದಕ್ಕೆ ಉತ್ತರ ಯಾವ ಅಂಗಡಿಯಲ್ಲೂ ಮುದ್ರಿತವಾಗಿ ಸಿಗದು. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ಕತ್ತರಿಸಿ ಆಲಿಕೆಯಂತೆ ಬೋರಲು ಇಟ್ಟು, ತಳದಲ್ಲಿ ಕಲ್ಲು ಹಾಕಿ, ನೇರ ಬದಿ ಆರಂಭವಾಗುವವರೆಗೆ ನೀರು ತುಂಬಿ, ಆ ಗೆರೆಯಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಹವಾಮಾನ ಇಲಾಖೆಯವರು ಅಳೆಯುವುದು ಬೆಳಗ್ಗೆ 8.30ಕ್ಕೆ, ಮಕ್ಕಳೂ ಅದೇ ಹೊತ್ತಿಗೆ ನೋಡಿ ಬರೆದು, ಗೆರೆಯ ಮೇಲಿನ ನೀರನ್ನು ಚೆಲ್ಲಲಿ. ಜುಲೈನಲ್ಲಿ ಮಳೆ ರಜೆ ಬಂದೇ ಬರುತ್ತದೆ, ಆದ್ದರಿಂದ ಬಾಟಲಿ ಶಾಲೆಯಲ್ಲಿರುವುದಕ್ಕಿಂತ ಮನೆಯಂಗಳದಲ್ಲಿರುವುದು ಲೇಸು.

ನಿಜವಾದ ಪಾಠ ಆರಂಭವಾಗುವುದು ಲೆಕ್ಕ ತಾಳೆಯಾಗದಿದ್ದಾಗ. ಒಂದೇ ಕೇರಿಯ ಇಬ್ಬರಲ್ಲಿ ಒಬ್ಬಳ ಪುಸ್ತಕದಲ್ಲಿ 62 ಮಿಲಿಮೀಟರ್, ಇನ್ನೊಬ್ಬನದರಲ್ಲಿ 140 ಇದ್ದರೆ ಯಾರದು ಸರಿ ಎಂದು ತೀರ್ಪು ಕೊಡಬೇಡಿ. ಎಲ್ಲರನ್ನೂ ಕರೆದುಕೊಂಡು ಎರಡೂ ಅಂಗಳಗಳಿಗೆ ಹೋಗಿ. ಎರಡನೆಯ ಬಾಟಲಿ ಹೆಂಚಿನ ಸೂರಿನಂಚಿನ ಕೆಳಗೋ ಅಡಿಕೆ ಮರದ ಬುಡದಲ್ಲೋ ಕೂತಿರುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಆಗ ಬಯಲಿನಲ್ಲಿ ಏಕೆ ಇಡಬೇಕೆಂದು ನೀವು ವಿವರಿಸಬೇಕಾಗಿಲ್ಲ. ತಪ್ಪಾದ ಅಂಕಿಯನ್ನು ಅಳಿಸಲು ಬಿಡದೆ, ಒಂದು ಗೆರೆ ಎಳೆಸಿ ಪಕ್ಕದಲ್ಲಿ ಕಾರಣ ಬರೆಸಿ. ಒಂದು ವರ್ಷದ ಲೆಕ್ಕದಿಂದ ಗಾದೆ ಸುಳ್ಳೆನ್ನಲಾಗದು ಎಂಬುದೂ ಚರ್ಚೆಗೆ ಬರಲಿ. ಐದನೆಯ ತರಗತಿಯವರು ಹಳೆಯ ಪುಸ್ತಕವನ್ನು ಮುಂದುವರಿಸಬಹುದು.

ಪ್ರಶ್ನೆ: ಹಾಗಾದರೆ ಪುಸ್ತಕ, ಮೊಬೈಲ್ ಬೇಡವೇ?

ಉತ್ತರ: ಬೇಕು, ಅಳತೆ ಆರಂಭವಾದ ಮೇಲೆ. ನೋಟ್‌ಬುಕ್ಕಿನ ಪುಟವನ್ನು ‘ಕಂಡದ್ದು’, ‘ಕೇಳಿದ್ದು’, ‘ಓದಿದ್ದು’ ಎಂದು ಮೂರು ಭಾಗ ಮಾಡಿಸಿ. ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿಯನ್ನು ಯಾವ ಮಳೆಗೆ ಮುಂಚೆ ಹೊಡೆಯುತ್ತಿದ್ದರೆಂದು ಅಜ್ಜ ಹೇಳಿದ್ದು ಎರಡನೆಯದಕ್ಕೆ ಸೇರುತ್ತದೆ, ಹೇಳಿದವರ ಹೆಸರಿನೊಂದಿಗೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಓದಿದ್ದಕ್ಕೆ ಪುಸ್ತಕದ ಹೆಸರು, ಪುಟ ಸಂಖ್ಯೆ ಬೇಕು. ಓದಿ, ಪುಸ್ತಕ ಮುಚ್ಚಿಟ್ಟು, ತನ್ನ ಮಾತಿನಲ್ಲಿ ಬರೆಯಬೇಕು. ನಕಲು ನಿಲ್ಲಿಸಲು ಇದಕ್ಕಿಂತ ಸುಲಭದ ಉಪಾಯ ನನಗೆ ತೋಚಿಲ್ಲ.

ಆಗುಂಬೆಯನ್ನು ‘ದಕ್ಷಿಣದ ಚಿರಾಪುಂಜಿ’ ಎಂದು ಎಲ್ಲರೂ ಬರೆದು ತರುತ್ತಾರೆ, ಆದರೆ ಕೆಲವು ವರ್ಷ ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಅಲ್ಲಿಗಿಂತ ಹೆಚ್ಚು ಮಳೆ ದಾಖಲಾಗಿದೆ. ದಿನವೂ ಬಾಟಲಿ ನೋಡಿದ ಮಗು ಆ ಸಾಲನ್ನು ಓದಿದಾಗ, ಯಾವ ವರ್ಷದ ಲೆಕ್ಕ, ಅಳೆದವರು ಯಾರು ಎಂದು ನಿಮ್ಮನ್ನೇ ಕೇಳೀತು.