ಕಾರ್ಡ್ ಕೊಟ್ಟವರು ಮಾತೂ ಆಡಬೇಕಿತ್ತು

ಗೋಣಿಕೊಪ್ಪದಿಂದ ಪತ್ರ ಬರೆದಿರುವ ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರದಲ್ಲಿ ಕೋಪ ಇದೆ. ಇರಬೇಕಾದದ್ದೇ. ನಿಮ್ಮಲ್ಲಿ ಓದಿದ ಯರವ ಬುಡಕಟ್ಟಿನ ಹಾಡಿಯ ಹುಡುಗಿ ಆರೋಗ್ಯ ಕ್ಯಾಂಪ್‌ನಲ್ಲಿ ರಕ್ತ ಕೊಟ್ಟಳು. ಆಮೇಲೊಂದು ದಿನ ಎಲ್ಲರ ಎದುರು ಹೆಸರು ಕೂಗಿ, 'ಸಿಕಲ್ ಸೆಲ್ ವಾಹಕ' ಎಂದು ಬರೆದ ಕಾರ್ಡ್ ಕೈಗಿಟ್ಟರು. ಸುದ್ದಿ ಹಬ್ಬಿತು, ಗೊತ್ತಾಗಿದ್ದ ಮದುವೆ ಸಂಬಂಧ ಮುರಿಯಿತು. "ಬಡವರ ರಕ್ತ ಕೆದಕಲು ಸರ್ಕಾರ ಯಾರು? ಈ ಪರೀಕ್ಷೆ ನಿಲ್ಲಿಸಿ ಅಂತ ಬರೆಯಿರಿ" ಎಂದಿದ್ದೀರಿ.

ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹುಡುಗಿಯ ವಿಷಯ. ಅವಳು ರೋಗಿ ಅಲ್ಲ. ಸಿಕಲ್ ಸೆಲ್ ಹೆತ್ತವರಿಂದ ಬರುವ ರಕ್ತದ ಕಾಯಿಲೆ. ರಕ್ತದ ಹಿಮೋಗ್ಲೋಬಿನ್ ಹೇಗಿರಬೇಕು ಅಂತ ಹೇಳುವ ಜೀನ್ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಅವಳಲ್ಲಿ ಕೆಟ್ಟಿರುವುದು ಒಂದೇ, ವಾಹಕ ಅಂದರೆ ಇಷ್ಟೇ. ಎರಡೂ ಕೆಟ್ಟರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ತಡೆಯಲಾರದ ನೋವು. ಹುಡುಗನ ಎರಡೂ ಜೀನ್ ಸರಿ ಇದ್ದರೆ ಇವರ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಅವನೂ ವಾಹಕನಾಗಿದ್ದರೆ ಪ್ರತಿ ಬಸಿರಿನಲ್ಲೂ ಶೇ. 25ರಷ್ಟು ಸಾಧ್ಯತೆ. ಮೊದಲ ಮಗುವಿಗೆ ಬಂದರೆ ಮುಂದಿನ ಮೂರು ಪಾರು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಂದ ಹಾಗೆ, ಆ ಹುಡುಗನ ರಕ್ತ ಯಾರಾದರೂ ನೋಡಿದ್ದಾರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ.

ಇನ್ನು ಪರೀಕ್ಷೆ. ನಮ್ಮ ಹಾಡಿ, ತೋಟದ ಕೂಲಿಗಳ ಲೈನ್‌ಮನೆಗಳಲ್ಲಿ ಸುಸ್ತು, ಬಿಳಿಚಿದ ಮುಖ ಕಂಡರೆ 'ರಕ್ತ ಕಮ್ಮಿ' ಎಂದು ಕಬ್ಬಿಣದ ಮಾತ್ರೆ ಕೊಡುವುದು ವಾಡಿಕೆ. ಸಿಕಲ್ ಸೆಲ್ ಕಬ್ಬಿಣಕ್ಕೆ ಬಗ್ಗುವ ಕಾಯಿಲೆ ಅಲ್ಲ. ಮೈಗೆ ಚಳಿ ಹೊಡೆದರೆ, ನೀರು ಕಮ್ಮಿಯಾದರೆ ನೋವು ಕೆರಳುತ್ತದೆ. ಕೊಡಗಿನ ಆಷಾಢದ ಮಳೆಯಲ್ಲಿ ನೆನೆಯುತ್ತಾ ತೋಟದಲ್ಲಿ ಕೆಲಸ ಮಾಡುವವರಿಗೆ ಇದು ಏನೆಂದು ಗೊತ್ತಿಲ್ಲದಿದ್ದರೆ ಹೇಗೆ? ಗೊತ್ತಾದರೆ ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಇದೆ. ಅದು ನೋವು ಮರುಕಳಿಸುವುದನ್ನು ಕಮ್ಮಿ ಮಾಡುತ್ತದೆ. ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಪತ್ತೆಯಾದದ್ದು 1952ರಲ್ಲಿ. ಕೇಂದ್ರದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು, ಮಧ್ಯಪ್ರದೇಶದ ಶಹಡೋಲ್‌ನಲ್ಲಿ. ನಡುವೆ ಎಪ್ಪತ್ತು ವರ್ಷ! ನನ್ನ ಕೋಪ ಇರುವುದು ಈ ತಡದ ಮೇಲೆ.

ಅಭಿಯಾನದ ಗುರಿ 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ, 2047ರೊಳಗೆ ನಿರ್ಮೂಲನೆ. ಕಾಗದದಲ್ಲಿ ಆಪ್ತ ಸಮಾಲೋಚನೆಯೂ ಇದೆ. ಆದರೆ ಎಷ್ಟು ರಕ್ತ ತೆಗೆದರು ಅಂತ ಸುಲಭವಾಗಿ ಎಣಿಸಬಹುದು. ಹುಡುಗಿಯ ಮನೆಯಲ್ಲಿ ಕೂತು, ಅವಳ ಅಜ್ಜಿಗೆ ಅರ್ಥವಾಗುವ ಯರವ ಭಾಷೆಯಲ್ಲಿ ಮೇಲಿನ ಲೆಕ್ಕ ಬಿಡಿಸಿ ಹೇಳಿದ್ದನ್ನು ಯಾವ ಕಾಲಮ್ಮಿನಲ್ಲಿ ತುಂಬುತ್ತಾರೆ? ಫಲಿತಾಂಶವನ್ನು ಅವಳಿಗಷ್ಟೇ ಹೇಳಬೇಕಿತ್ತು. ಹಾಡಿಯಲ್ಲೇ ಓದಿ ಬೆಳೆದ ಹುಡುಗ ಹುಡುಗಿಯರಿಗೆ ತರಬೇತಿ, ಸಂಬಳ ಕೊಟ್ಟು ಈ ಕೆಲಸಕ್ಕೆ ಇಡಬೇಕು. ಅಲ್ಲಿಯವರೆಗೆ ಕಾರ್ಡ್ ಹಂಚುವುದನ್ನು ನಿಧಾನ ಮಾಡಿದರೂ ನಷ್ಟವಿಲ್ಲ. ಇನ್ನೊಂದು, ಇದು ಬುಡಕಟ್ಟಿನವರಿಗಷ್ಟೇ ಅಂಟಿದ್ದೂ ಅಲ್ಲ. ಗಡಿಯಾಚೆ ವಯನಾಡಿನ ಚೆಟ್ಟಿ ಸಮುದಾಯದಲ್ಲೂ ಇದೆ. ರಕ್ತದ್ದೇ ಇನ್ನೊಂದು ಕಾಯಿಲೆ ಥಲಸ್ಸೇಮಿಯಾದ ವಾಹಕರು ಎಲ್ಲ ಜಾತಿಯಲ್ಲೂ ಇದ್ದಾರೆ. ದೊಡ್ಡ ಮನೆಯ ಮದುವೆಗಳಲ್ಲಿ ಯಾರೂ ಆ ರಕ್ತಪರೀಕ್ಷೆಯ ಕಾಗದ ಕೇಳುವುದಿಲ್ಲ, ಅಲ್ವಾ?

ಪತ್ರದ ಕೊನೆಯಲ್ಲಿ, ರೋಗ ಇರುವುದು ಖಚಿತವಾದ, ಮಳೆಗಾಲದಲ್ಲಿ ಪದೇ ಪದೇ ರಜೆ ಹಾಕುವ ಏಳನೇ ಕ್ಲಾಸಿನ ಹುಡುಗನ ಬಗ್ಗೆ ಕೇಳಿದ್ದೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ರೋಗ ಸೇರಿದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಅವನ ಮನೆಯವರಿಗೆ ಹೇಳಿ. ತರಗತಿಯಲ್ಲಿ ನೀರು ಕುಡಿಯಲು ಬಿಡಿ. ಈ ಮಕ್ಕಳಿಗೆ ಮೂತ್ರ ಜಾಸ್ತಿ, ಹೊರಗೆ ಹೋಗಲು ಕೇಳಿದಾಗ ಗದರಬೇಡಿ. ಜ್ವರ ಬಂದರೆ ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ಕಳಿಸಿ.

— ಸಂಪಾದಕ