ಎಥಿಕ್ಸ್ ಕಮಿಟಿ ಒಪ್ಪಿಗೆ ಆಮೇಲೆ ತಗೊಂಡರೆ ಆಗುತ್ತಾ?

ಫೋನ್ ಮಾಡಿ ನೆನಪಿಸಿದರೆ ಬಿಪಿ ರೋಗಿಗಳು ಮಾತ್ರೆ ಸರಿಯಾಗಿ ನುಂಗುತ್ತಾರಾ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಬೇಕು, ಈಗಲೇ ರೋಗಿಗಳನ್ನು ಸೇರಿಸಿಕೊಂಡು ಎಥಿಕ್ಸ್ ಕಮಿಟಿ (ಸಂಶೋಧನೆ ನೈತಿಕವಾಗಿ ಸರಿಯಿದೆಯಾ ಅಂತ ನೋಡುವ ಸಮಿತಿ) ಒಪ್ಪಿಗೆ ಆಮೇಲೆ ತರಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೈತಿಕ ನಿಯಮ ಹೇಳುವ ಹೆಲ್ಸಿಂಕಿ ಘೋಷಣೆ 1964ರದ್ದು, ಆಮೇಲೆ ಹಲವು ಸಲ ಪರಿಷ್ಕರಣೆಯಾಗಿದೆ. ಒಪ್ಪಿಗೆ ಸಿಗೋವರೆಗೆ ಒಬ್ಬ ರೋಗಿಯನ್ನೂ ಸೇರಿಸುವಂತಿಲ್ಲ. ಟ್ರಯಲ್ ನೋಂದಣಿಯೂ (ಅಧ್ಯಯನದ ವಿವರ ಸಾರ್ವಜನಿಕ ದಾಖಲೆಗೆ ಸೇರಿಸೋದು) ಮೊದಲ ರೋಗಿಯನ್ನು ಸೇರಿಸುವ ಮೊದಲೇ ಆಗಬೇಕು. ಇಲ್ಲದಿದ್ದರೆ ಒಳ್ಳೆಯ ಜರ್ನಲ್‌ಗಳು ಲೇಖನ ತಗೊಳ್ಳಲ್ಲ.

ನಿಜವಾದ ತಲೆನೋವು ಬೇರೆ ಇದೆ. ಉಚಿತ ಚಿಕಿತ್ಸೆಗೆ ಬಂದವರು ಡಾಕ್ಟರ್ ಕೇಳಿದರೆ "ಆಯ್ತು ಸಾರ್" ಅಂದುಬಿಡುತ್ತಾರೆ. ಬೇಡ ಅಂದರೆ ಮಾತ್ರೆ ಸಿಗಲ್ವೇನೋ ಅನ್ನೋ ಭಯ, ಅಲ್ವಾ? ಅದಕ್ಕೇ ಸಮ್ಮತಿ ಕೇಳುವವರು ಚಿಕಿತ್ಸೆ ಕೊಡೋ ಡಾಕ್ಟರ್ ಆಗಿರಬಾರದು. "ನೀವು ಸೇರದಿದ್ದರೂ, ನಡುವೆ ಬಿಟ್ಟು ಹೋದರೂ ಚಿಕಿತ್ಸೆ ಹೀಗೇ ಮುಂದುವರಿಯುತ್ತದೆ" ಅನ್ನೋ ಸಾಲು ಸಮ್ಮತಿ ಪತ್ರದ ಮೊದಲಲ್ಲೇ ಇರಲಿ. ಓದು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು.

ಇನ್ನು ನಿಮ್ಮ ಲೆಕ್ಕ. 120 ಜನ ಬೇಕು, ಶೇ 20 ಬಿಟ್ಟುಹೋಗಬಹುದು, ಹಾಗಾಗಿ 144 ಅಂದಿದ್ದೀರಿ. 144ರಲ್ಲಿ ಶೇ 20 ಹೋದರೆ ಉಳಿಯೋದು ಸುಮಾರು 115. 120ನ್ನು 0.8ರಿಂದ ಭಾಗಿಸಿ, 150 ಬರುತ್ತದೆ. ಫೋನ್ ನಂಬರ್ ಬದಲಾಗೋದು ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ ಸೇರಿಸಿ. ಅಂದಹಾಗೆ, ಮನೆಯವರೆಲ್ಲ ಒಂದೇ ಫೋನ್ ಬಳಸಿದರೆ ಕಾಯಿಲೆ ವಿಷಯ ಯಾರ ಕಿವಿಗೆ ಬೀಳುತ್ತೆ ಅಂತ ಕಮಿಟಿಯವರು ಕೇಳೇ ಕೇಳ್ತಾರೆ. ಉತ್ತರ ಈಗಲೇ ಪ್ರೋಟೋಕಾಲ್‌ನಲ್ಲಿ (ಅಧ್ಯಯನದ ಲಿಖಿತ ಯೋಜನೆಯಲ್ಲಿ) ಬರೆದಿಡಿ.