ಅರವತ್ತು ದಾಟಿದ ಮೇಲೆ ಮೊದಲ ಸಲ ಹಾಸ್ಯ ನಾಟಕದಲ್ಲಿ ಪಾತ್ರ ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಎರಡು ವರ್ಷದ ಹಿಂದೆ ಇದೇ ಹೆದರಿಕೆ ನನಗೂ ಇತ್ತು. ನಿಮಗೀಗ 62. ವಯಸ್ಸಾದ ಗೆಳತಿಯರು ಮನೆಯಲ್ಲಿ ಹೇಳದೆ ಊರು ಸುತ್ತಲು ಹೊರಡುವ ನಾಟಕಕ್ಕೆ ಹವ್ಯಾಸಿ ತಂಡದವರು ಕರೆದಿದ್ದಾರೆ. ಮಾತು ನೆನಪಿರುತ್ತಾ, ಜನ ನಾಟಕಕ್ಕೆ ನಗುತ್ತಾರಾ ಇಲ್ಲಾ ನಮ್ಮನ್ನೇ ನೋಡಿ ನಗುತ್ತಾರಾ ಅಂತ ಕೇಳಿದ್ದೀರಿ. ಎರಡನೆಯದೇ ಕಷ್ಟದ್ದು, ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ನಾಟಕದಲ್ಲಿ ನಾಲ್ವರು ಹೆಂಗಸರು. ಎಲ್ಲರಿಗಿಂತ ಚಿಕ್ಕವಳಿಗೆ 59, ನನಗೆ 65. ಕಥೆ ಇಷ್ಟೇ: ಒಬ್ಬಳ ಮಗ ಮನೆಯ ಹಳೇ ವ್ಯಾನ್ ಮಾರಲು ಹೊರಟಿದ್ದಾನೆ. ಹಿಂದಿನ ರಾತ್ರಿ ನಾಲ್ವರೂ ಸೇರಿ ಅದನ್ನು ಕದ್ದು ಸಮುದ್ರ ನೋಡಲು ಹೊರಡುತ್ತಾರೆ. ಗಾಡಿ ಓಡಿಸಲು ಬರುವುದು ಒಬ್ಬಳಿಗೆ ಮಾತ್ರ. ಅವಳೂ ಸ್ಟೀರಿಂಗ್ ಮುಟ್ಟಿ ಇಪ್ಪತ್ತು ವರ್ಷ ಆಗಿದೆ. ಅದು ನನ್ನ ಪಾತ್ರ.

ಮೊದಲ ಮೂರು ವಾರ ನಾವೆಲ್ಲ ಬೆನ್ನು ಬಗ್ಗಿಸಿ, ದನಿ ನಡುಗಿಸಿ, ಮಾತಿಗೊಮ್ಮೆ ಸೊಂಟ ಹಿಡಿದುಕೊಂಡು ಅಭಿನಯಿಸಿದೆವು. ತಮಾಷೆ ನೋಡಿ, 65ರ ನಾನು ವಯಸ್ಸಾದವಳ ಪಾತ್ರ ಅಂದ ಕೂಡಲೇ 90ರ ಮುದುಕಿ ಥರ ನಡೆಯುತ್ತಿದ್ದೆ! ನಿರ್ದೇಶಕ ಮೂವತ್ತರ ಹುಡುಗ, ಅವನಿಗೂ ಅದೇ ಸರಿ ಅನ್ನಿಸಿತ್ತು. ಆದರೆ ತಾಲೀಮು ನೋಡಲು ಬಂದ ಒಬ್ಬರೂ ನಗುತ್ತಿರಲಿಲ್ಲ. ಪಾಪ ಅನ್ನುವ ಮುಖ ಮಾಡಿಕೊಂಡು ಕೂತಿರುತ್ತಿದ್ದರು.

ನಮ್ಮಲ್ಲಿ ಒಬ್ಬಳಿಗೆ ನಿಜವಾಗಿಯೂ ಮೊಣಕಾಲು ನೋವು. ಒಂದು ದಿನ ವ್ಯಾನಿಂದ ಇಳಿಯುವ ದೃಶ್ಯದಲ್ಲಿ ಅವಳಿಗೆ ಕಾಲು ಹಿಡಿದುಕೊಂಡಿತು. ನೋವು ಕಾಣಬಾರದು ಅಂತ ಕುರ್ಚಿಯ ಬೆನ್ನಿಗೆ ಕೈ ಊರಿ, ದೂರದಲ್ಲಿ ಏನೋ ನೋಡುವವಳ ಹಾಗೆ ಕತ್ತು ಎತ್ತಿ ನಿಂತಳು. ಐದು ಸೆಕೆಂಡ್ ಆದ ಮೇಲೆ "ಗಾಳಿ ಚೆನ್ನಾಗಿದೆ" ಅಂದಳು. ಎಲ್ಲರೂ ಬಿದ್ದುಬಿದ್ದು ನಕ್ಕರು. ನೋವಿರುವವರು ಅದನ್ನು ತೋರಿಸಲ್ಲ, ಮುಚ್ಚಿಡುತ್ತಾರೆ. ನಗು ಇರೋದು ಆ ಮುಚ್ಚಿಡುವುದರಲ್ಲಿ. ಅವಳಿಗೆ ಸಮುದ್ರ ನೋಡಬೇಕು, ಕಾಲು ಕೇಳುತ್ತಿಲ್ಲ, ಅದನ್ನು ಗೆಳತಿಯರಿಗೆ ಹೇಳಿದರೆ ವಾಪಸ್ ಕರೆದುಕೊಂಡು ಹೋಗುತ್ತಾರೆ. ಅವಳ ಹಟ ನೋಡಿ ಜನ ನಗುತ್ತಾರೆ, ಜೊತೆಗೆ ಅವಳ ಪರ ಆಗುತ್ತಾರೆ. ಅವತ್ತಿನಿಂದ ಬೆನ್ನು ಬಗ್ಗಿಸುವುದು ಬಂದ್.

ಹಾಗಾಗಿ ನಿಮ್ಮ ಸ್ಕ್ರಿಪ್ಟ್ ಓದುವಾಗ ಒಂದು ವಿಷಯ ನೋಡಿ. ಕಥೆಯನ್ನು ಮುಂದಕ್ಕೆ ತಳ್ಳುವುದು ಆ ಹೆಂಗಸರ ಆಸೆಯಾ, ಅಥವಾ ಸುಮ್ನೆ ಕಿವಿ ಕೇಳಿಸಲ್ಲ, ಹಲ್ಲು ಸೆಟ್ ಬಿತ್ತು ಅನ್ನುವ ಜೋಕುಗಳಾ? ಎರಡನೆಯದು ಜಾಸ್ತಿ ಇದ್ದರೆ ನಿರ್ದೇಶಕರ ಹತ್ತಿರ ಕೂತು ಅರ್ಧ ಹೊಡೆದುಹಾಕಿಸಿ. ನಾವು ಹಾಗೇ ಮಾಡಿದೆವು, ಸ್ವಲ್ಪ ಜಗಳವೂ ಆಯಿತು.

ಇದೇನು ಹೊಸದಲ್ಲ. ಕ್ರಿ.ಪೂ. 411ರಲ್ಲಿ ಅಥೆನ್ಸ್‌ನ ಅರಿಸ್ಟೋಫೇನಿಸ್ ಬರೆದ 'ಲೈಸಿಸ್ಟ್ರಾಟಾ' ಹಾಸ್ಯ ನಾಟಕದಲ್ಲಿ ಯುದ್ಧ ನಿಲ್ಲಿಸಬೇಕು ಅಂತ ಹೆಂಗಸರು ಎದ್ದು ನಿಲ್ಲುತ್ತಾರೆ. ಬೊಕ್ಕಸ ಇರುವ ಕೋಟೆಗುಡ್ಡವನ್ನು ವಶ ಮಾಡಿಕೊಳ್ಳುವವರು ವಯಸ್ಸಾದ ಹೆಂಗಸರೇ. ಹೊಗೆ ಹಾಕಿ ಓಡಿಸಲು ಮುದುಕರು ಸೌದೆ, ಬೆಂಕಿ ಹೊತ್ತು ಬಂದರೆ, ಈ ಅಜ್ಜಿಯರು ಕೊಡಗಟ್ಟಲೆ ನೀರು ಸುರಿದು ಅವರನ್ನು ತೊಪ್ಪೆಯಾಗಿಸುತ್ತಾರೆ. ಆ ಕಾಲದಲ್ಲಿ ಆ ಪಾತ್ರಗಳನ್ನು ಮಾಡಿದ್ದು ಮುಖವಾಡ ಹಾಕಿದ ಗಂಡಸರು, ಅದು ಬೇರೆ ಮಾತು. ಈಗ ನಮಗೇ ಸಿಕ್ಕಿದೆ, ಬಿಡಬೇಡಿ.

ಇನ್ನು ನೆನಪು. ಉರು ಹೊಡೆಯಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲ್ಗಾ ನೋಯ್ಸ್ ಮತ್ತು ಅವರ ಪತಿ, ನಟ ಟೋನಿ ನೋಯ್ಸ್, ನಟರು ಮಾತು ಕಲಿಯುವ ಬಗೆಯನ್ನು ವರ್ಷಗಟ್ಟಲೆ ಗಮನಿಸಿದವರು. ನಟರು ಪದಗಳನ್ನು ಉರು ಹೊಡೆಯುವ ಬದಲು, ಈ ಪಾತ್ರ ಇದನ್ನು ಯಾಕೆ ಹೇಳುತ್ತಿದೆ ಅಂತ ಹುಡುಕುತ್ತಾರೆ, ನಡೆಯುತ್ತ ಆಡಿದ ಮಾತು ನಿಂತು ಆಡಿದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ ಅಂತ ಅವರು ಕಂಡುಕೊಂಡರು. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 60ರಿಂದ 86 ವರ್ಷದವರಿಗೆ ನಾಲ್ಕು ವಾರ ಅಭಿನಯ ಕಲಿಸಿದರು. ಏನೂ ಕಲಿಯದವರಿಗಿಂತ ಅವರು ನೆನಪಿನ ಪರೀಕ್ಷೆಯಲ್ಲಿ ಮುಂದಿದ್ದರು. ನನ್ನ ಅನುಭವವೂ ಅದೇ. ಕೂತು ಓದಿದಾಗ ಒಂದು ಪುಟ ತಲೆಗೆ ಹತ್ತುತ್ತಿರಲಿಲ್ಲ. ಗೇರ್ ಹಾಕುತ್ತ, ಕನ್ನಡಿ ನೋಡುತ್ತ ಹೇಳಿದಾಗ ಕೈ ಹೋದ ಕಡೆ ಮಾತೂ ಬಂತು.

ತಪ್ಪಿದರೆ? ತಪ್ಪುತ್ತದೆ ಬಿಡಿ. ನಮ್ಮ ವ್ಯಾನ್ ಅಂದರೆ ನಾಲ್ಕು ಕುರ್ಚಿ, ಸ್ಟೀರಿಂಗ್ ಅಂದರೆ ಒಂದು ಸ್ಟೀಲ್ ತಟ್ಟೆ. ನಾನು ಎಡಕ್ಕೆ ತಿರುಗಿಸಿದರೆ ಎಲ್ಲರೂ ಬಲಕ್ಕೆ ವಾಲಬೇಕು. ಮೊದಲ ಪ್ರದರ್ಶನದಲ್ಲಿ ಹಿಂದೆ ಕೂತವಳು ಎಡಕ್ಕೆ ವಾಲಿ ಪಕ್ಕದವಳ ತಲೆಗೆ ಢಿಕ್ಕಿ ಹೊಡೆದಳು. ಎಲ್ಲಾ ಸ್ತಬ್ಧ. ಅವಳು ಕನ್ನಡಕ ಸರಿ ಮಾಡಿಕೊಂಡು "ನಾನಿನ್ನೂ ಹಿಂದಿನ ತಿರುವಿನಲ್ಲೇ ಇದ್ದೀನಿ" ಅಂದಳು. ಆ ಸಂಜೆಯ ದೊಡ್ಡ ನಗು ಅದೇ. ಮುಂದಿನ ಎರಡು ಪ್ರದರ್ಶನದಲ್ಲಿ ಅದನ್ನು ಬೇಕಂತಲೇ ಮಾಡಿದೆವು. ಎರಡು ಸಲವೂ ಠುಸ್. ಮಾತು ಮುಗಿಯುವ ಮೊದಲೇ ನಗುವಿಗೆ ಕಾಯುತ್ತಿದ್ದಳು, ಅದು ಜನಕ್ಕೆ ಗೊತ್ತಾಗಿಬಿಟ್ಟಿತು. ನಗು ಬಂದಾಗ ಅದರ ಮೇಲೆ ಮುಂದಿನ ಮಾತು ಹೇಳಬೇಡಿ, ಇಳಿಯಲು ಶುರುವಾದಾಗ ಹೇಳಿ. ಬರದಿದ್ದರೆ ನಿಲ್ಲದೆ ಮುಂದೆ ಹೋಗಿ.

ಕೊನೆಗೆ ಯಾರೂ ಹೇಳದ ಎರಡು ವಿಷಯ. ವಯಸ್ಸಾದ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ತಡ ಮಾಡುತ್ತದೆ. ದೃಶ್ಯ ಬದಲಾಗುವಾಗ ಲೈಟ್ ಪೂರ್ತಿ ಆರಿಸಬೇಡಿ, ವಿಂಗ್ (ವೇದಿಕೆಯ ಪಕ್ಕದ ಮರೆ) ಹತ್ತಿರ ಒಂದು ನೀಲಿ ದೀಪ ಇರಲಿ, ಮೆಟ್ಟಿಲ ಅಂಚಿಗೆ ಹೊಳೆಯುವ ಟೇಪ್ ಅಂಟಿಸಿ ಅಂತ ಈಗಲೇ ಹೇಳಿಡಿ. ಹಾಗೇ ನಿಮ್ಮ ಪಾತ್ರಕ್ಕೆ ಕನ್ನಡಕ ಕೇಳಿ ಪಡೆಯಿರಿ. ನಾನು ಚೆಂದ ಕಾಣಬೇಕು ಅಂತ ಬೇಡ ಅಂದೆ. ದಾರಿಯ ನಕ್ಷೆಯೊಳಗೆ ನನ್ನ ಮಾತುಗಳನ್ನು ಬರೆದಿಟ್ಟುಕೊಂಡಿದ್ದೆ. ವೇದಿಕೆಯ ಮೇಲೆ ಬಿಡಿಸಿ ನೋಡಿದರೆ ಒಂದಕ್ಷರ ಕಾಣಲಿಲ್ಲ.